ಹಲ್ಲನ್ನು ಕಂಡ ಎರಡು ಕಿರಣಗಳು

ಸಂಸ್ಕೃತ ಕೋಶಗಳಲ್ಲಿ ‘ದ್ವಿಜ’ ಎಂಬ ಮಾತಿಗೆ ಮೂರು ಅರ್ಥಗಳು ಸಿಗುತ್ತವೆ. ಉಪನಯನದಿಂದ ಎರಡನೆಯ ಜನ್ಮ ಪಡೆದವನು ಮೊದಲನೆಯವನು. ಮೊಟ್ಟೆಯಾಗಿ ಹುಟ್ಟಿ ಮತ್ತೆ ಮರಿಯಾಗಿ ಹೊರಬರುವ ಹಕ್ಕಿ ಎರಡನೆಯದು. ಮೂರನೆಯದು ಹಲ್ಲು. ಹಾಲುಹಲ್ಲು ಬಿದ್ದ ಸ್ಥಳದಲ್ಲಿ ಮತ್ತೆ ಹುಟ್ಟುವುದರಿಂದ ಅದೂ ದ್ವಿಜವೇ. ಈ ಎರಡನೆಯ ಹುಟ್ಟಿನ ಸಿದ್ಧತೆಯೆಲ್ಲ ದವಡೆಯ ಎಲುಬಿನೊಳಗೆ, ಕತ್ತಲೆಯಲ್ಲಿ ನಡೆಯುತ್ತದೆ. ಆರೇಳು ವರ್ಷದ ಮಗುವಿನ ದವಡೆಯ ಕ್ಷ-ಕಿರಣ ಚಿತ್ರವನ್ನು ನೀವು ನೋಡಿದ್ದರೆ, ಹಾಲುಹಲ್ಲಿನ ಬೇರುಗಳ ಅಡಿಯಲ್ಲಿ ಬರಲಿರುವ ಹಲ್ಲು ಬೇರಿಲ್ಲದ ಮೊಗ್ಗಿನಂತೆ ಕುಳಿತಿರುವುದನ್ನು ಕಂಡಿರುತ್ತೀರಿ. ಎರಡು ಜನ್ಮಗಳೂ ಅಲ್ಲಿ ಒಂದೇ ಚಿತ್ರದಲ್ಲಿರುತ್ತವೆ. ಆ ಹೆಸರನ್ನಿಟ್ಟ ಹಿರಿಯರು ಇದನ್ನು ಕಣ್ಣಾರೆ ಕಂಡವರಲ್ಲ. ಹೊರಗೆ ಕಂಡದ್ದರಿಂದ ಒಳಗಿನದನ್ನು ಊಹಿಸಿದವರು.

ಹಲ್ಲಿನ ವೈದ್ಯದ ಚರಿತ್ರೆಯೆಲ್ಲ ಹೊರಗಿನದನ್ನು ನೋಡುವ ಬೆಳಕಿಗೂ ಒಳಗಿನದನ್ನು ತೋರುವ ಕಿರಣಕ್ಕೂ ನಡೆದ ಒಂದು ದೀರ್ಘ ಸಂಬಂಧದ ಕಥೆ. ಅದು ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆಯೆಂಬುದನ್ನು ನಿಮ್ಮ ಮುಂದಿಡುತ್ತೇನೆ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯವರಾದ ನಮಗೆ ಈ ವಿಷಯ ದೂರದ್ದಲ್ಲ. ನಮ್ಮದು ಕಬ್ಬಿನ ನಾಡು, ಬೆಲ್ಲದ ನಾಡು. ನಿಪ್ಪಾಣಿಯ ಕಡೆಗೆ ಹೋದರೆ ತಂಬಾಕಿನ ನಾಡು. ಹಲ್ಲಿಗೂ ಬಾಯಿಗೂ ಕೇಡು ತರುವ ಬೆಳೆಗಳನ್ನು ನಾವೇ ಬೆಳೆಯುತ್ತೇವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮ ಮನೆಮನೆಯಲ್ಲಿಯೂ ಉಂಟು.

ಹಳಬರಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯು ಬಾಯಿಯ ಏಳು ಎಡೆಗಳಲ್ಲಿ ಬರುವ ಅರವತ್ತೈದು ರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ‘ಕೃಮಿದಂತಕ’ ಒಂದು. ಕಪ್ಪಾಗಿ, ತೂತಾಗಿ, ನೋಯುವ ಹಲ್ಲು. ಕನ್ನಡದಲ್ಲಿಯೂ ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ. ಮಾತಿನೊಳಗೇ ಹುಳು ಕೂತಿದೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಲೋಕದ ಬಹುಪಾಲು ದೇಶಗಳಲ್ಲಿತ್ತು. ಆ ಹುಳುವನ್ನು ಹುಡುಕಲು ಮನುಷ್ಯನಿಗೆ ಇದ್ದ ಸಾಧನ ಬಿಸಿಲೊಂದೇ. ರೋಗಿಯನ್ನು ಕಿಟಕಿಯ ಎದುರಿಗೆ ಕೂರಿಸಿ ಬಾಯಿ ತೆರೆಸಿ ನೋಡುವುದು, ಬಹಳವೆಂದರೆ ಒಂದು ಸಣ್ಣ ಕನ್ನಡಿಯಿಂದ ಬೆಳಕನ್ನು ಒಳಕ್ಕೆ ತಿರುಗಿಸುವುದು. ೧೬೮೩ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿಯ ಕೊಳೆಯನ್ನು ತೆಗೆದು, ತಾನೇ ಅರೆದು ಮಾಡಿದ ಮಸೂರದ ಅಡಿಯಲ್ಲಿಟ್ಟು ನೋಡಿದ. ಅದರೊಳಗೆ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಹುಳು ಸಿಕ್ಕಲಿಲ್ಲ, ಹುಳುವಿಗಿಂತ ಸಾವಿರ ಪಾಲು ಚಿಕ್ಕದು ಸಿಕ್ಕಿತು. ೧೭೨೮ರಲ್ಲಿ ಫ್ರಾನ್ಸಿನ ಪಿಯೆರ್ ಫೊಶಾರ್ ದಂತವೈದ್ಯದ ಮೇಲೆ ದೊಡ್ಡ ಗ್ರಂಥ ಬರೆದಾಗ ಹುಳುವಿನ ಮಾತನ್ನು ತಳ್ಳಿಹಾಕಿದ. ನಮ್ಮ ಜಾತ್ರೆಗಳಲ್ಲಿ ಹಲ್ಲಿನ ಹುಳು ತೆಗೆದು ತೋರಿಸುವವರು ಮಾತ್ರ ಆಮೇಲೂ ಬಹುಕಾಲ ಇದ್ದರು. ಅವರ ಕೈಚಳಕವನ್ನು ಮೆಚ್ಚಬೇಕು, ವೈದ್ಯವನ್ನಲ್ಲ.

ಬೆಳಕಿಗೆ ಒಂದು ಮಿತಿಯಿತ್ತು. ಹಲ್ಲಿನ ಮೇಲ್ಪದರವಾದ ದಂತಕವಚವು ತೂಕದಲ್ಲಿ ನೂರಕ್ಕೆ ತೊಂಬತ್ತಾರರಷ್ಟು ಖನಿಜವಾದುದು, ಮೈಯಲ್ಲೆಲ್ಲ ಅತ್ಯಂತ ಗಟ್ಟಿಯಾದ ಪದಾರ್ಥ. ಬೆಳಕು ಅದರೊಳಗೆ ಸ್ವಲ್ಪ ದೂರ ಹೊಕ್ಕು ಚದರಿಹೋಗುತ್ತದೆ. ಎರಡು ಹಲ್ಲುಗಳು ಒತ್ತಿಕೊಂಡಿರುವ ಸಂದು, ವಸಡಿನೊಳಗಿನ ಬೇರು, ಬೇರನ್ನು ಹಿಡಿದಿರುವ ಎಲುಬು, ಇವುಗಳ ತಂಟೆಗೆ ಬೆಳಕು ಹೋಗಲಾರದು. ಆದುದರಿಂದ ವೈದ್ಯನಿಗೆ ಉಳಿದದ್ದು ತಟ್ಟಿ ನೋಡುವುದು, ಮುಳ್ಳಿನಿಂದ ಕೆದಕಿ ನೋಡುವುದು, ಇಲ್ಲವೇ ಕಿತ್ತೇ ನೋಡುವುದು.

೧೮೯೫ರ ನವೆಂಬರ್ ೮ರಂದು ಜರ್ಮನಿಯ ವುರ್ತ್ಸ್‌ಬುರ್ಗ್‌ನಲ್ಲಿ ರಂಟ್‌ಗನ್ ಎಂಬ ಪ್ರಾಧ್ಯಾಪಕನ ಕತ್ತಲೆಕೋಣೆಯಲ್ಲಿ ಒಂದು ತೆರೆ ಮಿನುಗಿತು. ಕಪ್ಪು ಕಾಗದದಿಂದ ಮುಚ್ಚಿದ ಗಾಜಿನ ಕೊಳವೆಯೊಳಗೆ ವಿದ್ಯುತ್ತು ಹರಿಯುತ್ತಿದ್ದಾಗ, ದೂರದಲ್ಲಿದ್ದ ರಾಸಾಯನಿಕ ಸವರಿದ ತೆರೆ ಬೆಳಗಿದ್ದು ಹೇಗೆಂದು ಅವನಿಗೇ ತಿಳಿಯಲಿಲ್ಲ. ತಿಳಿಯದ್ದಕ್ಕೆ ಬೀಜಗಣಿತದವರು ಇಡುವ ‘ಎಕ್ಸ್’ ಅಕ್ಷರವನ್ನೇ ಅವನು ಆ ಕಿರಣಕ್ಕೆ ಹೆಸರಾಗಿಟ್ಟ. ನಮ್ಮವರು ಅದನ್ನು ‘ಕ್ಷ’ ಎಂದು ಮಾಡಿಕೊಂಡು ‘ಕ್ಷ-ಕಿರಣ’ ಎಂಬ ಸೊಗಸಾದ ಮಾತನ್ನು ಕಟ್ಟಿದರು. ನಮ್ಮ ಹಳೆಯ ಗಣಿತಜ್ಞರು ತಿಳಿಯದ ರಾಶಿಯನ್ನು ‘ಅವ್ಯಕ್ತ’ ಎನ್ನುತ್ತಿದ್ದರು. ‘ಅವ್ಯಕ್ತಕಿರಣ’ ಎಂದಿದ್ದರೂ ಒಪ್ಪುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ, ಮುಂದಿನದಕ್ಕೆಲ್ಲ ಅದೇ ಕೀಲಿಕೈ. ಕ್ಷ-ಕಿರಣವನ್ನು ಯಾರ ಕಣ್ಣೂ ಕಾಣದು. ಅಂದು ರಂಟ್‌ಗನ್ ಕಂಡದ್ದು ತೆರೆಯ ಮೇಲೆ ಹುಟ್ಟಿದ ಬೆಳಕನ್ನು. ಕೆಲವು ವಾರಗಳ ಮೇಲೆ ಅವನು ತನ್ನ ಹೆಂಡತಿಯ ಕೈಯ ಎಲುಬುಗಳನ್ನು ಮೂಡಿಸಿದ್ದು ಛಾಯಾಚಿತ್ರದ ಗಾಜಿನ ಹಲಗೆಯ ಮೇಲೆ. ಬೆಳಕಿಗಾಗಿ ತಯಾರಿಸಿದ ಹಲಗೆ ಅದು. ಅಂದರೆ ಕ್ಷ-ಕಿರಣವು ಹುಟ್ಟಿದ ದಿನದಿಂದಲೂ ಬೆಳಕಿನ ಸಾಮಗ್ರಿಯನ್ನು ಕಡ ತಂದೇ ನಮಗೆ ಮುಖ ತೋರಿಸಿದೆ. ಎರಡೂ ಒಂದೇ ಕುಲದವು. ಅಲೆಯ ಉದ್ದ ಮಾತ್ರ ಒಂದರದು ಇನ್ನೊಂದಕ್ಕಿಂತ ಸಾವಿರಾರು ಪಾಲು ಚಿಕ್ಕದು.

ರಂಟ್‌ಗನ್ನನ ಪ್ರಬಂಧ ಅಚ್ಚಾದ ಎರಡೇ ವಾರಕ್ಕೆ, ೧೮೯೬ರ ಜನವರಿಯಲ್ಲಿ, ಬ್ರೌನ್‌ಶ್ವೈಗ್ ಊರಿನ ದಂತವೈದ್ಯ ಓಟೋ ವಾಲ್ಕ್‌ಹಾಫ್ ಸಾಧಾರಣ ಛಾಯಾಚಿತ್ರದ ಹಲಗೆಯ ತುಂಡನ್ನು ಕಪ್ಪು ಕಾಗದ, ರಬ್ಬರುಗಳಲ್ಲಿ ಸುತ್ತಿ ತನ್ನ ಬಾಯಲ್ಲೇ ಇಟ್ಟುಕೊಂಡ. ಇಪ್ಪತ್ತೈದು ನಿಮಿಷ ಅಲುಗಾಡದೆ ಕಿರಣಕ್ಕೆ ಮುಖವೊಡ್ಡಿದ. ಹಲ್ಲಿನ ಮೊದಲ ಕ್ಷ-ಕಿರಣ ಚಿತ್ರ ಅದು. ಈಗ ಅದೇ ಕೆಲಸಕ್ಕೆ ಒಂದು ಕ್ಷಣದ ಅಂಶ ಸಾಕು. ಒಂದೆರಡು ಹಲ್ಲಿನ ಚಿತ್ರಕ್ಕೆ ತಗಲುವ ಕಿರಣ, ನಿಸರ್ಗದಿಂದಲೇ ನಮ್ಮ ಮೈಗೆ ಹೆಚ್ಚುಕಡಿಮೆ ಒಂದು ದಿನದಲ್ಲಿ ಬೀಳುವಷ್ಟು. ಆ ಕಾಲದವರಿಗೆ ಇಂಥ ಲೆಕ್ಕವೇ ಇರಲಿಲ್ಲ. ಅದರ ಬೆಲೆಯನ್ನು ತೆತ್ತವರಲ್ಲಿ ಒಬ್ಬನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು.

ಅಮೇರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯನಿದ್ದ. ೧೮೫೬ರಲ್ಲಿ ಹುಟ್ಟಿದವನು, ಯಂತ್ರಗಳ ಹುಚ್ಚಿನವನು. ೧೮೯೬ರಲ್ಲಿಯೇ ಅವನು ಜೀವಂತ ರೋಗಿಯ ಹಲ್ಲಿನ ಚಿತ್ರ ತೆಗೆದು ತನ್ನ ವೃತ್ತಿಬಂಧುಗಳಿಗೆ ತೋರಿಸಿದ. ಅಂದಿನ ಕೊಳವೆಗಳು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಕಿರಣ ಹದವಾಗಿದೆಯೋ ಇಲ್ಲವೋ ಎಂದು ತಿಳಿಯಲು ವೈದ್ಯನು ತನ್ನ ಕೈಯನ್ನೇ ಅಡ್ಡ ಹಿಡಿದು, ಮಿನುಗುವ ತೆರೆಯ ಮೇಲೆ ಎಲುಬುಗಳು ಸ್ಪಷ್ಟವಾಗಿ ಮೂಡುವ ತನಕ ಸರಿಪಡಿಸುತ್ತಿದ್ದ. ಹೀಗೆ ದಿನಕ್ಕೆ ಎಷ್ಟು ರೋಗಿಗಳೋ ಅಷ್ಟು ಸಲ, ವರ್ಷಗಟ್ಟಲೆ. ಕೆಲ್ಸ್‌ನ ಕೈಯಲ್ಲಿ ಹುಣ್ಣುಗಳೆದ್ದವು, ಅವು ಅರ್ಬುದವಾದವು. ಮೊದಲು ಬೆರಳುಗಳು ಹೋದವು, ಬಳಿಕ ಕೈ, ಕೊನೆಗೆ ತೋಳು.

ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. ಬಾಸ್ಟನ್ನಿನ ವಿಲಿಯಂ ರಾಲಿನ್ಸ್ ಎಂಬ ಇನ್ನೊಬ್ಬ ದಂತವೈದ್ಯನು ೧೯೦೧ರ ಹೊತ್ತಿಗೇ ಗಿನಿ ಇಲಿಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಜೀವವನ್ನೇ ತೆಗೆಯಬಲ್ಲದೆಂದು ತೋರಿಸಿದ್ದ. ಕೊಳವೆಯನ್ನು ಸೀಸದ ಪೆಟ್ಟಿಗೆಯಲ್ಲಿಡಿ, ವೈದ್ಯನು ಸೀಸದ ಗಾಜಿನ ಕನ್ನಡಕ ಹಾಕಲಿ, ರೋಗಿಯ ಮೈಯಲ್ಲಿ ಬೇಡದ ಭಾಗವನ್ನು ಮುಚ್ಚಿ ಎಂದು ಬರೆದ. ಅವನ ಮಾತು ಬಹುಜನರ ಕಿವಿಗೆ ಬೀಳಲಿಲ್ಲ. ಕೇಳಬೇಕಾದವರು ಕೇಳುವಷ್ಟರಲ್ಲಿ ಎಷ್ಟೋ ಕೈಗಳು ಹೋಗಿದ್ದವು.

ಕೆಲ್ಸ್‌ನ ಕಥೆಯಲ್ಲಿ ನನ್ನನ್ನು ಬಹಳ ಹಿಡಿದದ್ದು ಅವನ ಕೈಗಿಂತ ಅವನ ನಾಲಗೆ. ೧೯೧೦ರಲ್ಲಿ ವಿಲಿಯಂ ಹಂಟರ್ ಎಂಬ ಆಂಗ್ಲ ವೈದ್ಯನು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಉಪನ್ಯಾಸ ಮಾಡಿದ. ಬಾಯಿಯೊಳಗಿನ ಕೀವಿನಿಂದ ಮೈಯ ನಾನಾ ರೋಗಗಳು ಹುಟ್ಟುತ್ತವೆಂಬುದು ಅದರ ತಾತ್ಪರ್ಯ. ಮಾತಿನಲ್ಲಿ ಸತ್ಯದ ಅಂಶವಿತ್ತು. ಆದರೆ ಅದೇ ವರ್ಷಗಳಲ್ಲಿ ಕ್ಷ-ಕಿರಣ ಯಂತ್ರಗಳು ಸುಧಾರಿಸಿ, ೧೯೧೩ರಲ್ಲಿ ಹಲ್ಲಿಗಾಗಿಯೇ ಸುತ್ತಿಟ್ಟ ಫಿಲ್ಮು ಪೇಟೆಗೆ ಬಂತು. ಬೇರಿನ ತುದಿಯಲ್ಲಿ ಸಣ್ಣದೊಂದು ಕಪ್ಪು ನೆರಳು ಕಂಡರೆ ಸಾಕು, ಸಂಧಿವಾತಕ್ಕೂ ಅದೇ ಕಾರಣ, ಹೃದಯದ ಬೇನೆಗೂ ಅದೇ ಕಾರಣ ಎಂದು ಹಲ್ಲನ್ನು ಕೀಳತೊಡಗಿದರು. ಅಮೇರಿಕದ ಟ್ರೆಂಟನ್ ಎಂಬಲ್ಲಿನ ಹುಚ್ಚರ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯನು ಚಿತ್ತವಿಕಾರದ ಚಿಕಿತ್ಸೆಯೆಂದು ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ನೆರಳನ್ನು ಓದುವವನಿಗೆ ಬಾಯಿಯನ್ನು ನೋಡುವ ತಾಳ್ಮೆಯಿಲ್ಲದಿದ್ದರೆ ಆಗುವ ಅನಾಹುತ ಇದು. ಹಲ್ಲನ್ನು ತಟ್ಟಿ ನೋಡಿದವರಿಲ್ಲ, ತಣ್ಣೀರು ಮುಟ್ಟಿಸಿ ಜೀವವಿದೆಯೋ ಎಂದು ಪರೀಕ್ಷಿಸಿದವರಿಲ್ಲ. ೧೯೨೦ರಲ್ಲಿ ಕೆಲ್ಸ್ ಇದನ್ನು ಬಹಿರಂಗವಾಗಿ ಖಂಡಿಸಿದ. ಕ್ಷ-ಕಿರಣವನ್ನು ನೆಪಮಾಡಿಕೊಂಡು ಒಳ್ಳೆಯ ಹಲ್ಲುಗಳನ್ನು ಕೀಳುವುದು ಆ ಯುಗದ ಅಪರಾಧವೆಂದೇ ಅವನ ಅಭಿಪ್ರಾಯ. ಆ ಕಿರಣಕ್ಕೆ ತನ್ನ ಕೈಯನ್ನೇ ಕೊಟ್ಟವನು ಹೀಗೆ ಹೇಳಿದನೆಂಬುದಕ್ಕೆ ತೂಕವುಂಟು. ನೋವು ತಡೆಯಲಾರದೆ ಕೆಲ್ಸ್ ೧೯೨೮ರ ಮೇ ತಿಂಗಳಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಅದೇ ೧೯೨೮ರ ಫೆಬ್ರವರಿ ೨೮ರಂದು ಕಲಕತ್ತೆಯಲ್ಲಿ ಸಿ. ವಿ. ರಾಮನ್ ಬೆಳಕಿನ ಚದರಿಕೆಯಲ್ಲಿ ಹೊಸದೊಂದು ಪರಿಣಾಮವನ್ನು ಕಂಡರು. ಎರಡಕ್ಕೂ ನೇರ ಸಂಬಂಧವಿಲ್ಲ. ಪಂಚಾಂಗ ತಿರುವುವಾಗ ಕಣ್ಣಿಗೆ ಬಿದ್ದ ಮಾತು. ಆದರೂ ಹೇಳುತ್ತೇನೆ, ಏಕೆಂದರೆ ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಿಂದಲೇ ಅದರ ಅಣುಗಳ ಗುರುತು ಹಿಡಿಯಬಹುದೆಂದು ಲೋಕಕ್ಕೆ ತಿಳಿದದ್ದು ಅಂದು. ೧೯೩೩ರಲ್ಲಿ ರಾಮನ್ನರು ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. ಇಂದು ದಂತಕವಚದ ಖನಿಜ ಎಷ್ಟು ಸವೆದಿದೆಯೆಂದು ಸಂಶೋಧಕರು ಅಳೆಯುವ ಬಗೆಗಳಲ್ಲಿ ರಾಮನ್ ಪರಿಣಾಮವೂ ಒಂದು. ಮಣಿಪಾಲದ ಸಂಶೋಧಕರು ಬಾಯಿಯ ಅರ್ಬುದವನ್ನು ಲೇಸರ್ ಬೆಳಕಿನಿಂದ ಗುರುತಿಸುವ ದಾರಿಗಳನ್ನು ಹುಡುಕಿದ್ದಾರೆ.

ಇನ್ನು ಕ್ಷ-ಕಿರಣದ ಕುರುಡನ್ನು ಹೇಳಬೇಕು. ತೊಗಲುಗೊಂಬೆಯಾಟವನ್ನು ನೀವು ನೋಡಿದ್ದೀರಿ. ಪರದೆಯ ಮೇಲೆ ರಾಮನೂ ರಾವಣನೂ ಒಬ್ಬರ ಮೇಲೊಬ್ಬರು ಬಂದರೆ ಯಾರು ಮುಂದೆ, ಯಾರು ಹಿಂದೆ ಎಂದು ನೆರಳಿನಿಂದ ಹೇಳುವಂತಿಲ್ಲ. ಹಲ್ಲಿನ ಚಿತ್ರವೂ ಹಾಗೆಯೇ. ಕೆನ್ನೆಯ ಕಡೆಯ ತೂತು, ನಾಲಗೆಯ ಕಡೆಯ ತೂತು ಎರಡೂ ಒಂದೇ ಜಾಗದಲ್ಲಿ ಕಪ್ಪಾಗಿ ಬೀಳುತ್ತವೆ. ಅಲ್ಲದೆ ಖನಿಜವು ನೂರಕ್ಕೆ ಮೂವತ್ತು ನಲವತ್ತರಷ್ಟು ಕರಗುವ ತನಕ ಕೊಳೆತ ಚಿತ್ರದಲ್ಲಿ ಚೆನ್ನಾಗಿ ಮೂಡುವುದೇ ಇಲ್ಲ. ೧೯೨೫ರಲ್ಲಿ ಹೊವಾರ್ಡ್ ರೇಪರ್ ಎಂಬವನು ಕಚ್ಚಿ ಹಿಡಿಯುವ ರೆಕ್ಕೆಯಿರುವ ಫಿಲ್ಮನ್ನು ತಂದು, ಹಲ್ಲಿನ ಸಂದುಗಳನ್ನು ಮೇಲಿನ ಕೆಳಗಿನ ಸಾಲುಗಳೊಡನೆ ಒಟ್ಟಿಗೆ ತೋರಿಸಿದ; ಬೆಳಕು ಹೋಗದ ಸಂದಿಗೆ ಅದು ದೊಡ್ಡ ಉಪಕಾರ. ಆದರೆ ಜಗಿಯುವ ಮೇಲ್ಮೈಯಲ್ಲಿ ಈಗಷ್ಟೇ ಆರಂಭವಾದ ಹುಳುಕು ಅದರಲ್ಲಿಯೂ ತಪ್ಪಿಹೋಗುತ್ತದೆ. ಅದಕ್ಕೆ ಒಣಗಿಸಿದ ಹಲ್ಲು, ಒಳ್ಳೆಯ ದೀಪ, ತೀಕ್ಷ್ಣವಾದ ಕಣ್ಣು ಬೇಕು. ಸಣ್ಣ ದೀಪವನ್ನು ಹಲ್ಲಿನ ಹಿಂದೆ ಹಿಡಿದರೆ ಕೊಳೆತ ಭಾಗ ಬೆಳಕನ್ನು ಹೆಚ್ಚಾಗಿ ಚದರಿಸಿ ಕಪ್ಪಾಗಿ ಕಾಣುವುದೂ ಉಂಟು. ಆ ಪರೀಕ್ಷೆಗೆ ಕಿರಣವೇ ಬೇಡ.

ನಮ್ಮ ಸೀಮೆಯಲ್ಲಿ ದಂತವೈದ್ಯದ ವಿದ್ಯೆ ತಡವಾಗಿ ಬೇರೂರಿತು. ಕಲಕತ್ತೆಯಲ್ಲಿ ಡಾಕ್ಟರ್ ರಫೀಉದ್ದೀನ್ ಅಹಮದರು ೧೯೨೦ರಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಬೆಂಗಳೂರಿನ ಸರಕಾರಿ ಕಾಲೇಜು ೧೯೫೮ರದು, ಮಣಿಪಾಲದ್ದು ೧೯೬೫ರದು. ಉತ್ತರದಲ್ಲಿ ಬೆಳಗಾವಿಯ ಕೆ. ಎಲ್. ಇ. ಸಂಸ್ಥೆಯ ಕಾಲೇಜು ೧೯೮೫ರಲ್ಲಿ, ಧಾರವಾಡದ ಎಸ್. ಡಿ. ಎಂ. ಕಾಲೇಜು ೧೯೮೬ರಲ್ಲಿ ಹುಟ್ಟಿದವು. ಅದಕ್ಕೆ ಮುಂಚೆ ನಮ್ಮ ಹಾರೂಗೇರಿಯಂಥ ಊರಿನವರಿಗೆ ದೊಡ್ಡ ಬೇನೆಯೆಂದರೆ ಕುಡಚಿಗೆ ಹೋಗಿ ರೈಲು ಹತ್ತಿ ಮಿರಜ ಕಾಣುವುದೇ ರೂಢಿಯಾಗಿತ್ತು. ಹಲ್ಲುನೋವಿಗೆ ಅಷ್ಟು ದೂರ ಹೋಗುವವರು ಯಾರು? ಲವಂಗ ಇಟ್ಟುಕೊಂಡು ಕೂಡುತ್ತಿದ್ದರು; ತಡೆಯದಾದಾಗ ಕೀಳಿಸುತ್ತಿದ್ದರು.

ಬೆಳಗಾವಿಯ ಕಾಲೇಜು ಆರಂಭವಾದ ಆ ೧೯೮೫ನೆಯ ವರ್ಷವೇ ಸ್ವಿಟ್ಜರ್ಲೆಂಡಿನ ಝೂರಿಕ್ ವಿಶ್ವವಿದ್ಯಾಲಯದಲ್ಲಿ ಮೋರ್ಮನ್ ಎಂಬ ದಂತವೈದ್ಯನೂ ಬ್ರಾಂಡೆಸ್ಟಿನಿ ಎಂಬ ವಿದ್ಯುತ್ ಎಂಜಿನಿಯರನೂ ಕೂಡಿ ಬಾಯೊಳಗೆ ಹಿಡಿಯುವ ಬೆಳಕಿನ ಕ್ಯಾಮೆರಾದಿಂದ ಹಲ್ಲಿನ ತೂತನ್ನು ಅಳೆದು, ಗಣಕಯಂತ್ರದ ನೆರವಿನಿಂದ ಅದಕ್ಕೆ ತಕ್ಕ ತುಂಡನ್ನು ಕೊರೆದು ಕೂರಿಸಿದರು. ಎರಡು ವರ್ಷಗಳ ಮೇಲೆ, ೧೯೮೭ರಲ್ಲಿ, ಫ್ರಾನ್ಸಿನ ಫ್ರಾನ್ಸಿಸ್ ಮುಯೆಂ ಫಿಲ್ಮಿಲ್ಲದ ಕ್ಷ-ಕಿರಣ ಯಂತ್ರವನ್ನು ತಂದ. ಅದರ ಒಳಗುಟ್ಟು ಕೇಳಿ. ಬಾಯೊಳಗಿಟ್ಟ ಪುಟ್ಟ ಫಲಕದ ಮೇಲೆ ಕ್ಷ-ಕಿರಣ ಬಿದ್ದೊಡನೆ ಒಂದು ಪದರ ಮಿನುಗುತ್ತದೆ. ಆ ಬೆಳಕು ಕೂದಲಿನಂಥ ಗಾಜಿನ ಎಳೆಗಳ ಮೂಲಕ ಹರಿದು, ಬೆಳಕನ್ನು ವಿದ್ಯುತ್ತಾಗಿಸುವ ಬಿಲ್ಲೆಗೆ ತಲುಪುತ್ತದೆ. ಚಿತ್ರ ತೆರೆಯ ಮೇಲೆ ಮೂಡುತ್ತದೆ. ರಂಟ್‌ಗನ್ನನ ಕೋಣೆಯಲ್ಲಿ ಮಿನುಗಿದ ತೆರೆ ಈಗ ಹೆಬ್ಬೆರಳಿನಷ್ಟಾಗಿ ನಾಲಗೆಯ ಪಕ್ಕದಲ್ಲಿ ಕೂತಿತು. ಇಂದು ತಾಲೂಕಿನ ದವಾಖಾನೆಗಳಲ್ಲಿಯೂ ಇಂಥ ಫಲಕಗಳನ್ನು ನೀವು ಕಾಣಬಹುದು.

೧೯೯೮ರಲ್ಲಿ ಇಟಲಿಯ ವೆರೋನಾದ ಮೊಜ್ಜೋ ಮತ್ತು ಸಂಗಡಿಗರು ಶಂಕುವಿನಾಕಾರದ ಕಿರಣವನ್ನು ತಲೆಯ ಸುತ್ತ ಒಂದು ಸುತ್ತು ತಿರುಗಿಸಿ, ನೂರಾರು ನೆರಳುಗಳಿಂದ ದವಡೆಯ ಘನರೂಪವನ್ನೇ ಕಟ್ಟುವ ಯಂತ್ರವನ್ನು ವರದಿ ಮಾಡಿದರು. ಗೊಂಬೆಯಾಟದ ಪರದೆಯ ಹಿಂದಕ್ಕೇ ಹೋಗಿ ನೋಡಿದಂತಾಯಿತು. ಯಾವ ಬೇರು ಎಲ್ಲಿದೆ, ಕೆಳದವಡೆಯ ನರ ಯಾವ ದಾರಿಯಲ್ಲಿ ಹೋಗಿದೆ, ಎಲುಬು ಎಷ್ಟು ದಪ್ಪ, ಎಲ್ಲವೂ ತಿಳಿಯುತ್ತದೆ. ಅದಕ್ಕೂ ಒಂದು ಊನವುಂಟು. ಬಾಯಲ್ಲಿ ಲೋಹ ತುಂಬಿದ ಹಲ್ಲುಗಳಿದ್ದರೆ ಚಿತ್ರದಲ್ಲಿ ಚಕ್ರದ ಅರಗಳಂತೆ ಗೆರೆಗಳು ಹೊರಟು ಹಲ್ಲಿನ ಮೇಲ್ಮೈ ಕೆಟ್ಟುಹೋಗುತ್ತದೆ. ವಸಡಿನ ಅಂಚು ಸರಿಯಾಗಿ ಕಾಣದು. ಬೆಳಕಿನ ಕ್ಯಾಮೆರಾಕ್ಕೆ ಇವು ತೊಡಕೇ ಅಲ್ಲ. ಅದು ಹಲ್ಲಿನ ಮೇಲೆ ಗೆರೆಗೆರೆಯಾದ ಬೆಳಕನ್ನು ಚೆಲ್ಲಿ, ಗೆರೆ ಬಾಗಿದ ಬಗೆಯಿಂದ ಉಬ್ಬುತಗ್ಗುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುತ್ತದೆ. ಆದರೆ ಎಲುಬು ಅದಕ್ಕೆ ಕಾಣದು.

ಹೀಗಾಗಿ ಎರಡನ್ನೂ ಒಂದರ ಮೇಲೊಂದು ಕೂಡಿಸುವ ಯೋಚನೆ ಬಂತು. ಹೊಲದ ಮೋಜಣಿ ಮಾಡಿಸಿದವರಿಗೆ ಇದರ ರೀತಿ ಬೇಗ ತಿಳಿಯುತ್ತದೆ. ಹಳೆಯ ನಕಾಶೆಯನ್ನೂ ಹೊಸ ನಕಾಶೆಯನ್ನೂ ತಾಳೆ ನೋಡುವಾಗ ಮೋಜಣಿದಾರನು ಮೊದಲು ಎರಡರಲ್ಲಿಯೂ ಇರುವ ಬಾಂದುಕಲ್ಲುಗಳನ್ನು ಹುಡುಕುತ್ತಾನೆ. ಮೂರು ಕಲ್ಲು ಸಿಕ್ಕಿದರೆ ಉಳಿದುದೆಲ್ಲ ತಾನಾಗಿ ಕೂಡುತ್ತದೆ. ಇಲ್ಲಿ ಹಲ್ಲಿನ ಮೊನೆಗಳೇ ಬಾಂದುಕಲ್ಲು. ಬೆಳಕಿನ ಚಿತ್ರದ ಮೊನೆಗಳನ್ನು ಕ್ಷ-ಕಿರಣದ ಚಿತ್ರದ ಅದೇ ಮೊನೆಗಳಿಗೆ ಹೊಂದಿಸಿದ ಮೇಲೆ ಗಣಕಯಂತ್ರ ಸೂಕ್ಷ್ಮವಾಗಿ ಕೂರಿಸುತ್ತದೆ. ಹಲ್ಲುಗಳೇ ಇಲ್ಲದ ಬಾಯಿಯಾದರೆ? ಕ್ಷ-ಕಿರಣದಲ್ಲಿ ಎದ್ದು ಕಾಣುವ ಸಣ್ಣ ಮಣಿಗಳನ್ನು ಪಡಿಯಚ್ಚಿನಲ್ಲಿ ಕೂರಿಸಿ ಬಾಯೊಳಗಿಡುತ್ತಾರೆ. ಕಲ್ಲಿಲ್ಲದ ಹೊಲದಲ್ಲಿ ಗೂಟ ನೆಟ್ಟ ಹಾಗೆ. ಬಿದ್ದ ಹಲ್ಲಿನ ಜಾಗದಲ್ಲಿ ಎಲುಬಿಗೆ ಟೈಟೇನಿಯಂ ಮೊಳೆ ಕೂರಿಸುವಾಗ ಈ ಕೂಡುಚಿತ್ರದ ಬೆಲೆ ತಿಳಿಯುತ್ತದೆ. ವಸಡಿನ ಮೇಲಿನ ಜಾಗ ಬೆಳಕಿನಿಂದ, ಒಳಗಿನ ನರದ ದಾರಿ ಕ್ಷ-ಕಿರಣದಿಂದ ಗೊತ್ತಾಗುತ್ತದೆ. ಎರಡನ್ನೂ ನೋಡಿ ಕೊರೆಯುವ ದಿಕ್ಕಿಗೆ ಅಚ್ಚನ್ನು ತಯಾರಿಸುತ್ತಾರೆ. ತಾಳೆ ಹಾಕುವುದರಲ್ಲಿ ಒಂದೆರಡು ಮಿಲಿಮೀಟರು ತಪ್ಪಿದರೆ ಮೊಳೆ ನರಕ್ಕೆ ತಗಲಬಹುದು, ಕೆಳದುಟಿಯ ಸ್ಪರ್ಶಜ್ಞಾನವೇ ಹೋಗಬಹುದು. ಚಿತ್ರ ಎಷ್ಟು ಚೆಂದವಾಗಿದ್ದರೂ ಕೂಡಿಸಿದ ಗೆರೆಗಳನ್ನು ವೈದ್ಯ ತಾನೇ ಪರೀಕ್ಷಿಸಬೇಕಾಗುತ್ತದೆ.

ಒಂದು ಮಾತನ್ನು ನಮ್ಮ ಗಡಿಭಾಗದವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ದವಾಖಾನೆಗೆ ಹೋದೊಡನೆ ‘ಒಂದು ಫೋಟೋ ತೆಗೀರಿ ಡಾಕ್ಟರ್’ ಎನ್ನುವುದು ನಮ್ಮಲ್ಲಿ ವಾಡಿಕೆಯಾಗಿದೆ. ತಂಬಾಕು, ಸುಣ್ಣ, ಗುಟಖಾಗಳನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವವರ ಬಾಯಲ್ಲಿ ಮೊದಲು ಏಳುವುದು ಬಿಳಿಯ ಮಚ್ಚೆ, ಇಲ್ಲವೇ ಕೆಂಪು ಮಚ್ಚೆ, ಅಥವಾ ಮಾಯದ ಹುಣ್ಣು. ಬಾಯಿ ಪೂರ್ತಿ ತೆರೆಯದಂತಾಗುವುದೂ ಉಂಟು. ಇವು ಯಾವುವೂ ಕ್ಷ-ಕಿರಣದಲ್ಲಿ ಕಾಣುವುದಿಲ್ಲ. ಚಿತ್ರದಲ್ಲಿ ಕಾಣುವ ಹೊತ್ತಿಗೆ ರೋಗ ಎಲುಬನ್ನು ತಿಂದಿರುತ್ತದೆ. ಕಿಟಕಿಯ ಬೆಳಕಿನಲ್ಲಿ, ಕನ್ನಡಿಯ ಮುಂದೆ, ಕೆನ್ನೆಯನ್ನು ಹೊರಕ್ಕೆಳೆದು ನೋಡಿಕೊಂಡರೆ ಆ ಮಚ್ಚೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಎರಡು ಮೂರು ವಾರಕ್ಕೂ ಮಾಯದ್ದನ್ನು ಕೂಡಲೇ ತೋರಿಸಬೇಕು. ವೈದ್ಯ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾನೆ. ಅದೂ ಬೆಳಕಿನ ಕೆಲಸವೇ, ಲೇವೆನ್‌ಹುಕ್‌ನ ದಾರಿಯೇ.

ನಮ್ಮ ದೇಶದ ದಂತವೈದ್ಯ ಕಾಲೇಜುಗಳಲ್ಲಿ ಒಂದು ವ್ಯವಸ್ಥೆಯಿದೆ, ಬೆಳಗಾವಿಯಲ್ಲಿ, ಧಾರವಾಡದಲ್ಲಿ ನೀವೇ ಹೋಗಿ ನೋಡಬಹುದು. ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸುವ ವಿದ್ಯೆಗೂ ಕ್ಷ-ಕಿರಣ ವಿದ್ಯೆಗೂ ಅಲ್ಲಿ ಒಂದೇ ವಿಭಾಗ. ಹೊಸ ರೋಗಿ ಮೊದಲು ಬರುವುದು ಅಲ್ಲಿಗೆ. ವಿದ್ಯಾರ್ಥಿಯು ರೋಗಿಯನ್ನು ದೀಪದಡಿ ಕೂರಿಸಿ, ಸಣ್ಣ ಕನ್ನಡಿ ಹಿಡಿದು ತುಟಿ, ಕೆನ್ನೆ, ನಾಲಗೆಯ ಅಂಚು, ಅಂಗಳ, ಆಮೇಲೆ ಹಲ್ಲುಗಳನ್ನು ಒಂದೊಂದಾಗಿ ನೋಡಿ ಕಾಗದದ ಮೇಲೆ ಬರೆಯುತ್ತಾನೆ. ಹಿರಿಯರು ಅದನ್ನು ಓದುತ್ತಾರೆ, ತಾವೂ ಒಮ್ಮೆ ಬಾಯಿ ನೋಡುತ್ತಾರೆ. ಯಾವ ಹಲ್ಲಿಗೆ, ಯಾವ ಕಾರಣಕ್ಕೆ ಕ್ಷ-ಕಿರಣ ಬೇಕೆಂದು ಚೀಟಿ ಬರೆಯುವುದು ಅದಾದ ಮೇಲೆಯೇ.